ಅಕ್ಕೋರ, ಆಮ್ಲ ಖಾಲಿ ಆತ್ರಿ

ಕೆಲಗೇರಿ ಕಡೆಯ ಒಂದು ಸಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. ಪ್ರಯೋಗಾಲಯ ಇಲ್ಲವೆಂದು ಅಡುಗೆಮನೆಯ ಸಾಮಾನಿನಿಂದಲೇ ರಸಾಯನಶಾಸ್ತ್ರ ಕಲಿಸಲು ಹೊರಟೆ. ಅಂದಿನಿಂದ ಏನಾದರೊಂದು ಆಗುತ್ತಲೇ ಇದೆ. ಏನಾಯಿತೆಂದು ನನಗೆ ತಿಳಿಯುವುದು ಮಾತ್ರ ಕೊನೆಗೆ. ಹೆಡ್‌ಮಾಸ್ತರು ಖಡಾಖಂಡಿತ ಹೇಳಿದ್ದರು: "ತಪಾಸಣಿ ಸಾಹೇಬ್ರು ಬಂದು ಹೂಂ ಅಂದ್ರ ಮುಂದುವರಸ್ರಿ. ಇಲ್ಲಂದ್ರ ಈ ಅಡಗಿ ಪಾಠ ಬಂದ್!"

೧. ಹುಳಿ

"ನಾಳೆ ಹುಳಿ ಇರೂದು ಏನಾರ ತರ್ರಿ, ಆಮ್ಲದ ಪಾಠ ಐತಿ" ಎಂದೆ. ಮಜ್ಜಿಗೆ, ಹುಣಸೆಹಣ್ಣು, ಉಪ್ಪಿನಕಾಯಿ ಎಲ್ಲ ಬಂತು. ನನ್ನ ಪಾಠ ಮೂರನೇ ಪೀರಿಯಡ್‌ಗೆ. ಒಳಗೆ ಹೋದರೆ ಡಬ್ಬಿಗಳೆಲ್ಲ ಬರಿದು.

"ಆಮ್ಲ ಎಲ್ಲೈತಿ?"

"ಖಾಲಿ ಆತ್ರಿ ಅಕ್ಕೋರ. ಉಪ್ಪಿನಕಾಯಿ ಆಮ್ಲ ಭಾಳ ಛಲೋ ಇತ್ರಿ!"

೨. ಹತ್ತಕ್ಕೆ ಹತ್ತು

ಮನೆಯಲ್ಲಿ ಹಾಲಿಗೆ ನಿಂಬೆರಸ ಹಾಕಿ ನೋಡಿ ಬನ್ನಿ ಎಂದೆ. ಅರ್ಧ ಲೋಟ ಸಾಕು ಎನ್ನುವುದನ್ನು ಮರೆತೆ. ಎರಡು ದಿನ ಬಿಟ್ಟು ಒಬ್ಬ ಹುಡುಗಿಯ ಅಜ್ಜಿ ತರಗತಿಯ ಬಾಗಿಲಲ್ಲಿ ನಿಂತಿದ್ದರು.

"ಲಗ್ನ ಆದಾಗಿಂದ ಹಾಲು ಒಡೀದಂಗ ಕಾಯಾಕತ್ತೇನ್ರಿ, ನನಗ ಯಾರೂ ಶಾಬಾಸ್ ಅನ್ನಲಿಲ್ಲ. ಇಕಿ ಇಡೀ ಪಾತೇಲಿ ಹಾಲು ಒಡಸಿದ್ದಕ್ಕ ಹತ್ತಕ್ಕ ಹತ್ತು ಕೊಟ್ಟೀರಂತ. ಖರೇ ಏನ್ರಿ?"

ಖರೇ ಆಗಿತ್ತು.

೩. ಸಾಹೇಬರು ಬಂದ ದಿನ

ಅರಿಷಿಣದ ನೀರಿಗೆ ಸುಣ್ಣ ಹಾಕಿದರೆ ಕೆಂಪಾಗುತ್ತದೆ, ಮೇಲೆ ನಿಂಬೆರಸ ಬಿದ್ದರೆ ಮತ್ತೆ ಹಳದಿ. ಇದನ್ನೇ ತೋರಿಸೋಣವೆಂದು ತಾಟಿನಲ್ಲಿ ಕೆಂಪು ನೀರು ಮಾಡಿಟ್ಟೆ. ನನ್ನ ಪಾಠದ ಹಣೆಬರಹ ಅಂದೇ ತೀರ್ಮಾನವಾಗುವುದಿತ್ತು.

ಆದರೆ ನಮ್ಮಲ್ಲಿ ಆರತಿ ನೀರು ಮಾಡುವುದೂ ಅರಿಷಿಣ, ಸುಣ್ಣದಿಂದಲೇ. ಸಾಹೇಬರು ಬಾಗಿಲಿಗೆ ಬಂದದ್ದೇ ತಡ, ಬಿಸಿಯೂಟದ ಅಡುಗೆಯಾಕೆ ಆ ತಾಟು ಎತ್ತಿ ಮೂರು ಸುತ್ತು ಬೆಳಗಿ, ಅವರ ಹಣೆಗೆ ಬೊಟ್ಟಿಟ್ಟು, ಉಳಿದ ನೀರನ್ನು ಪದ್ಧತಿಯಂತೆ ಅಂಗಳಕ್ಕೆ ಚೆಲ್ಲಿಬಿಟ್ಟಳು!

ನನಗೆ ಅಳುವೇ ಬಂತು.

"ಎಲ್ರಿ ನಿಮ್ಮ ಪ್ರಯೋಗ?" ಎಂದರು ಸಾಹೇಬರು.

ಮುಂದಿನ ಬೆಂಚಿನ ಹುಡುಗಿ ನಿಂಬೆಹೋಳು ಹಿಡಿದು ಎದ್ದಳು. "ನಿಮ್ಮ ಹಣೀ ಮ್ಯಾಲೆ ಐತ್ರಿ ಸರ. ಸ್ವಲ್ಪ ಬಗ್ಗ್ರಿ."

ಪಾಪ, ಏನೊಂದೂ ತಿಳಿಯದೆ ಅವರು ಬಗ್ಗಿದರು. ಹುಡುಗಿ ತಿಕ್ಕಿದಳು. ಕೆಂಪು ಬೊಟ್ಟು ಹಳದಿಯಾಯಿತು. ಮಕ್ಕಳು ಚಪ್ಪಾಳೆ ತಟ್ಟಿದರು. ಹೆಡ್‌ಮಾಸ್ತರು ಕಣ್ಣು ಮುಚ್ಚಿಕೊಂಡರು.

ಸಾಹೇಬರು ಮೂಗಿಗಿಳಿದ ರಸ ಒರೆಸಿಕೊಂಡು, ತಪಾಸಣೆ ಪುಸ್ತಕ ತರಿಸಿ ಬರೆದರು: "ಪಾಠ ಮುಂದುವರಿಸಬಹುದು. ಆದರೆ ಪ್ರಯೋಗಕ್ಕೆ ಅಧಿಕಾರಿಯ ಬದಲು ಬಟ್ಟಲು ಬಳಸತಕ್ಕದ್ದು."