ಷಡ್ಡಕರೂ ನನ್ನ ಸ್ವಾತಂತ್ರ್ಯವೂ

ನನ್ನ ಷಡ್ಡಕರಂಥವರು ಪ್ರತಿಯೊಬ್ಬರ ಮಾವನ ಮನೆಯಲ್ಲೂ ಒಬ್ಬರಿರಬೇಕು, ನಮ್ಮ ಮಾವನ ಮನೆಯೊಂದನ್ನು ಬಿಟ್ಟು. ಎಂಬತ್ತರ ದಶಕದಲ್ಲಿ ಅವರು ಚಿಂತಾಮಣಿಯ ಕಾಲೇಜೊಂದರಲ್ಲಿ ತತ್ತ್ವಶಾಸ್ತ್ರದ ಮೇಷ್ಟ್ರು. ನಾನು ಗೌರಿಬಿದನೂರಿನಲ್ಲಿ ಗುಮಾಸ್ತ. ಅವರು ಹಿರಿಯ ಅಳಿಯ, ನಾನು ಇನ್ನೊಬ್ಬ ಅಳಿಯ. ಇಬ್ಬರೂ ಸಾದಲಿಯ ಮಾವನ ಮನೆಗೆ ಹೋದರೆ ಒರಗು ದಿಂಬು ಅವರಿಗೆ, ಗೋಡೆ ನನಗೆ.

ಅವರ ಸಿದ್ಧಾಂತ ಇಷ್ಟೇ: ಕಂಡು ಅನುಭವಿಸಿದ್ದೇ ಪ್ರಮಾಣ. ಬೆಂಕಿ ಸುಡುವುದನ್ನು ಎಷ್ಟೋ ಸಲ ಕಂಡು ನಂಬಿದ್ದೇವೆ. ಕಾಫಿ ತಡವಾದರೆ ಮಾವ ಕೂಗಾಡುವುದನ್ನೂ ಅಷ್ಟೇ ಸಲ ಕಂಡಿದ್ದೇವೆ. ಎರಡೂ ಒಂದೇ ಜಾತಿಯ ಜ್ಞಾನ. ಕಾರಣವಿಲ್ಲದೆ ಯಾವುದೂ ಆಗದು; ಮನುಷ್ಯನ ಸ್ವಭಾವ ಗೊತ್ತಿದ್ದರೆ ಅವನ ಮುಂದಿನ ಕೆಲಸವೂ ಗೊತ್ತು. ಇದನ್ನು ಕೇಳಿ, ಕಾಫಿ ತಡ ಮಾಡಿದ ಅತ್ತೆಯೇ ಹಿರಿಯ ಅಳಿಯನ ಬಗ್ಗೆ ತೆಲುಗು ಬೆರೆಸಿ "ನಮ್ ದೊಡ್ಡ ಅಲ್ಲುಡು ಎಷ್ಟು ತಿಳ್ಕೊಂಡವ್ರೆ" ಎಂದು ಹಿಗ್ಗುವುದೇ! ಅದೇ ಮಾತು ನಾನಾಡಿದ್ದರೆ ಕಾಫಿಯೇ ಸಿಗುತ್ತಿರಲಿಲ್ಲ.

ಒಮ್ಮೆ ಊಟಕ್ಕೆ ಕೂತಾಗ ಷಡ್ಡಕರು, "ಇವನು ಎರಡನೇ ಮುದ್ದೆ ಹಾಕಿಸ್ಕೊಳ್ತಾನೆ ನೋಡಿ" ಎಂದರು. ಮನುಕುಲದ ಸ್ವಾತಂತ್ರ್ಯವೆಲ್ಲ ನನ್ನ ತಟ್ಟೆಯಲ್ಲಿ ಬಂದು ಕೂತಂತಾಯಿತು. ಬೇಡವೆಂದು ಎದ್ದೆ.

"ಬೇಡ ಅಂತೀಯ ಅಂತಲೂ ಗೊತ್ತಿತ್ತು ಕಣಯ್ಯ. ನಾನು ಬಾಯಿ ಬಿಟ್ಟಿದ್ದೇ ಅದಕ್ಕೆ ಕಾರಣ."

ನನ್ನ ಪಾಲಿನ ಮುದ್ದೆ ಅವರ ತಟ್ಟೆಗೆ ಹೋಯಿತು. ಸ್ವತಂತ್ರನಾದ ನಾನು ಹಸಿದುಕೊಂಡಿದ್ದೆ.

ಇನ್ನೊಂದು ಸಲ ಹೋದಾಗ ಮಾವನ ರೇಷ್ಮೆಹುಳುಗಳು ನಾಲ್ಕನೇ ಜ್ವರ, ಅಂದರೆ ಪೊರೆ ಕಳಚುವ ಕೊನೆಯ ನಿದ್ದೆ, ಮುಗಿಸಿ ಎದ್ದು ಗಬಗಬನೆ ಸೊಪ್ಪು ತಿನ್ನುತ್ತಿದ್ದವು. ವಾರದಲ್ಲಿ ಗೂಡು ಕಟ್ಟಬೇಕು. ಮಾವ, "ದೊಡ್ಡಳಿಯಂದ್ರೇ, ನಿಮ್ ಕೈಯಿಂದ ಒಂದ್ ಹಿಡಿ ಸೊಪ್ಪು ಹಾಕಿ, ಬೆಳೆ ಚೆನ್ನಾಗಾಗ್ತದೆ" ಎಂದರು. ಯಾಕೆ, ನನ್ನ ಕೈಯೇನು ಮರದ್ದೇ? ಷಡ್ಡಕರು ಕೈ ತೊಳೆಯಲು ಹೋದಾಗ ನಾನೇ ಹುಳುಮನೆಗೆ ನುಗ್ಗಿ ಎರಡು ಬಿದಿರು ತಟ್ಟೆಗಳಿಗೆ ಸೊಪ್ಪು ಹರಡಿಬಿಟ್ಟೆ. ನನ್ನ ತೊಳೆಯದ ಬೆರಳಿನಲ್ಲಿ ಆಗಷ್ಟೇ ಏರಿಸಿದ್ದ ನಶ್ಯದ, ಅಂದರೆ ಹೊಗೆಸೊಪ್ಪಿನ, ಪುಡಿಯಿತ್ತು. ಹೊಗೆಸೊಪ್ಪು ಹುಳುವಿಗೆ ವಿಷವೆಂಬುದು ಆ ಸೀಮೆಯಲ್ಲಿ ಹಸುಗೂಸಿಗೂ ಗೊತ್ತು.

ಸಂಜೆಗೆ ಆ ಎರಡು ತಟ್ಟೆಯ ಹುಳುಗಳು ತಲೆಯೆತ್ತಿ ವಾಂತಿ ಮಾಡತೊಡಗಿದವು. ಮಾವ ಸೊಪ್ಪು ಕೊಯ್ದ ಆಳು ಹೆಂಗಸಿನ ಮೇಲೆ ಹರಿಹಾಯ್ದರು: "ಹೊಗೆಸೊಪ್ಪು ಹಾಕ್ಕೊಂಡು ಬಂದಿದ್ಯೇನೇ?" ಅವಳು ಇಲ್ಲವೆಂದು ಅಳುತ್ತಿದ್ದಳು.

ಷಡ್ಡಕರನ್ನು ಹಿತ್ತಲಿಗೆ ಕರೆದು ಎಲ್ಲವನ್ನೂ ಹೇಳಿದೆ. "ಭಾವ, ಎಲ್ಲಾ ಕಾರಣದಿಂದಲೇ ಆಗೋದಾದ್ರೆ ನನ್ನ ತಪ್ಪೇನಿದೆ?"

"ಕಾಲು ಜಾರಿ ತಟ್ಟೆ ಮೇಲೆ ಬಿದ್ದಿದ್ರೆ ತಪ್ಪಿಲ್ಲ ಅಂತಿದ್ದೆ. ಇದು ನಿನ್ನ ಹೊಟ್ಟೆಕಿಚ್ಚಿಂದ ಬಂತು. ನಿನ್ನೊಳಗಿಂದ ಬಂದಿದ್ದಕ್ಕೆ ನೀನಲ್ದೆ ಇನ್ಯಾರಪ್ಪ ಹೊಣೆ?"

ಇಷ್ಟು ವರ್ಷ ಸಹಿಸಿಕೊಂಡ ಸಿದ್ಧಾಂತ, ಕಷ್ಟಕಾಲಕ್ಕೆ ಒದಗಲಿಲ್ಲ.

"ಹಂಗಾದ್ರೆ ಈಗ ನಾನೇನ್ ಮಾಡ್ತೀನಿ, ಅದನ್ನೂ ಹೇಳ್ಬಿಡಿ."

"ಹೋಗಿ ಒಪ್ಕೊಳ್ತೀಯ. ಆ ಯಮ್ಮ ಬೈಸ್ಕೊಳೋದು ನೋಡ್ಕೊಂಡು ನೀನು ಸುಮ್ನಿರೋನಲ್ಲ. ಇಷ್ಟು ವರ್ಷ ನೋಡಿದೀನಿ ಕಣೋ ನಿನ್ನ."

ನನ್ನನ್ನು ಇಷ್ಟು ಗಟ್ಟಿಯಾಗಿ ನಂಬಿದವರು, ನನ್ನನ್ನೂ ಸೇರಿಸಿ, ಬೇರೆ ಯಾರೂ ಇರಲಿಲ್ಲ.

ಹೋಗಿ ಒಪ್ಪಿಕೊಂಡೆ. ಆ ಹೆಂಗಸು ಸೆರಗಿನಿಂದ ಮುಖ ಒರೆಸಿಕೊಂಡಳು. ಮಾವ ನನ್ನ ಕಡೆ ನೋಡಲಿಲ್ಲ. "ಸತ್ತ ಹುಳ ಹೂಳ್ಬೇಕು, ಗುಂಡಿ ತೆಗೀರಿ" ಎಂದಷ್ಟೇ ಅಂದರು.

ಗುದ್ದಲಿ ಹಿಡಿದು ತೋಟದ ಮೂಲೆಗೆ ಹೋದರೆ, ಷಡ್ಡಕರು ತಮ್ಮ ಗರಿಗರಿ ಬಿಳಿ ಪಂಚೆಯನ್ನು ಮೊಣಕಾಲ ಮೇಲಕ್ಕೆ ಕಟ್ಟಿ, ಮಂಕರಿ ಹಿಡಿದು ಆಗಲೇ ನಿಂತಿದ್ದರು. ಕಾರಣವೇನೆಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ನಾನು ಅಗೆದೆ, ಅವರು ಮಣ್ಣು ಹೊತ್ತರು.