ಹಪ್ಪಳದ ಹಿಟ್ಟಿನಿಂದ ಉಳಿದ ಮನೆ

ವಡೋದರಾದ ಬಾಡಿಗೆ ಮನೆ ಉಳಿಸಿಕೊಳ್ಳಲು ನನಗೆ ಬಿದ್ದ ಖರ್ಚು ನಾಲ್ಕು ಕಿಲೋ ಅಕ್ಕಿಹಿಟ್ಟು, ಒಂದಿಷ್ಟು ಶೇಂಗಾ ಎಣ್ಣೆ, ಮೂರು ಭಾನುವಾರ. ಇಷ್ಟು ಅಗ್ಗಕ್ಕೆ ಮುಗಿದದ್ದು ನನ್ನ ಮಾತಿನ ಚಾತುರ್ಯದಿಂದ ಎಂದು ಬರೆಯುವ ಆಸೆಯಿತ್ತು. ಆದರೆ ಹೆಂಡತಿ ಪಕ್ಕದಲ್ಲೇ ಕುಳಿತಿದ್ದಾಳೆ.

ಕರಾರು ಮುಗಿಯುತ್ತಿತ್ತು. ಕೆಳಗಿನ ಮನೆಯಲ್ಲೇ ಇರುವ ಒಡತಿ ಮಂಜುಳಾಬೆನ್, "ಈ ಸಲ ನಮ್ಮ ಜನಕ್ಕೇ ಕೊಡೋಣ ಅಂತಿದೀನಿ" ಎಂದುಬಿಟ್ಟರು. ಜೂನ್ ಬಂದರೆ ಮಗಳು ಹತ್ತನೆಯ ತರಗತಿ. ಶಾಲೆ ಎದುರಿಗೇ ಇದೆ. ಈ ಹೊತ್ತಿನಲ್ಲಿ ಮನೆ ಬಿಟ್ಟರೆ ಅವಳ ವರ್ಷವೇ ಕದಡಿಹೋದೀತು. ಆದರೂ ನಾನು ಹೆದರಲಿಲ್ಲ. ಗದಗದಿಂದ ಬರಿಗೈಯಲ್ಲಿ ಬಂದು, ಕಾರ್ಖಾನೆಗಳಿಗೆ ಪಂಪು ಮಾರಿ ಮೇಲೆ ಬಂದವನು ನಾನು. ಚೌಕಾಸಿ ಮಾಡಿ ಸೂರತ್‌ನ ಸೀರೆ ವ್ಯಾಪಾರಿಯ ಬಾಯಲ್ಲೇ "ಸಾಕು ಮಾರಾಯ, ತಗೊಂಡು ಹೋಗು" ಎನ್ನಿಸಿದವನು.

ಬಾಡಿಗೆ ರಸೀದಿಗಳ ಫೈಲು ಹಿಡಿದು ಹೋದೆ. ಮಂಜುಳಾಬೆನ್ ನಡುಮನೆಯ ಉಯ್ಯಾಲೆಯಲ್ಲಿ ತೂಗುತ್ತಿದ್ದರು. ಬಾಡಿಗೆ ಒಂದು ದಿನವೂ ತಡವಾಗಿಲ್ಲ ಎಂದೆ. "ಹಾ, ನಿಜ." ಉಯ್ಯಾಲೆ ತೂಗಿತು. ಹೆಚ್ಚಿಗೆ ಕೊಡುತ್ತೇನೆ ಎಂದೆ. "ಜೋಈಶುಂ." ಗುಜರಾತಿಯಲ್ಲಿ ಹಾಗೆಂದರೆ 'ನೋಡೋಣ'. ಅದರ ಅರ್ಥ 'ಇಲ್ಲ' ಎಂದು ತಿಳಿಯಲು ನನಗೆ ಹನ್ನೆರಡು ವರ್ಷ ಹಿಡಿದಿತ್ತು. ಉಯ್ಯಾಲೆ ಮಾತ್ರ ನಿಲ್ಲಲಿಲ್ಲ.

ಆ ಭಾನುವಾರ ಹೆಂಡತಿ ಸುಮಾ ಅಕ್ಕಿ ಹಪ್ಪಳಕ್ಕೆಂದು ಬೇಯಿಸಿದ ಹಿಟ್ಟನ್ನು ತಾರಸಿಗೆ ಒಯ್ದಳು. ಒತ್ತುವ ಮೊದಲು ಬಿಸಿ ಉಂಡೆಗೆ ಎಣ್ಣೆ, ಖಾರದ ಪುಡಿ ಹಾಕಿಕೊಂಡು ಬಾಯಿಗಿಟ್ಟಳು. ಅಲ್ಲೇ ತಮ್ಮ ಹಪ್ಪಳ ಹರವುತ್ತಿದ್ದ ಮಂಜುಳಾಬೆನ್ ತಿರುಗಿ ನೋಡಿದರು.

"ಅರೇ! ನೀವೂ ಹಿಟ್ಟು ಹೀಗೇ ತಿಂತೀರಾ?"

"ಹಪ್ಪಳ ಅನ್ನೂದು ಬರೇ ನೆಪರೀ" ಎಂದು ಸುಮಾ ತನ್ನ ಹುಬ್ಬಳ್ಳಿ ಹಿಂದಿಯಲ್ಲಿ ತಿಳಿಸಿದಳು.

ಹಿಟ್ಟಿಗೆ ಜೀರಿಗೆ ಎಷ್ಟು, ಸೋಡಾ ಎಷ್ಟು, ಈಗಿನ ಕಾಲದ ಸೊಸೆಯಂದಿರಿಗೆ ಇದೆಲ್ಲ ಯಾಕೆ ಬೇಡ, ಮಾತು ಹರಿಯಿತು. ಇದೇ ಸಮಯವೆಂದು ನಾನು ಫೈಲು ತಂದೆ. ಸುಮಾ ಕಣ್ಣು ಬಿಟ್ಟಳು. "ರೀ, ನೀವು ಸುಮ್ನ ಕೂಡ್ರಿ. ಪಾರಿವಾಳ ಓಡಸ್ರಿ." ಕೈಗೆ ಕೊಡೆ ಬಂತು.

ಮೂರನೆಯ ಭಾನುವಾರ ಹಪ್ಪಳ ಮಗುಚುತ್ತಾ ಮಂಜುಳಾಬೆನ್ ಹೇಳಿದರು: "ಸುಮಾಬೆನ್, ಮುಂದಿನ ಬೇಸಿಗೆಗೆ ಹರವೋಕೆ ದೊಡ್ಡ ಪ್ಲಾಸ್ಟಿಕ್ ಹಾಳೆ ತರೋಣ, ಇದು ಸಾಲಲ್ಲ."

ಮುಂದಿನ ಬೇಸಿಗೆ! ಎದೆಯ ಮೇಲಿನ ಕಲ್ಲು ಇಳಿಯಿತು. ಆದರೂ ವ್ಯಾಪಾರಿಯ ನಾಲಿಗೆ ಸುಮ್ಮನಿರಬೇಕಲ್ಲ. "ಮನೆ ನಿಮ್ಮ ಜನಕ್ಕೇ ಅಂದಿದ್ರಿ?"

"ಮತ್ತೆ? ಅವರಿಗೇ ಕೊಟ್ಟೆನಲ್ಲ. ಭಾಯಿ, ಅಲ್ಲಿ ಪಾರಿವಾಳ ನೋಡಿ!"

ಆದ್ದರಿಂದ ಓದುಗರೇ, ಯಾರನ್ನಾದರೂ ಒಪ್ಪಿಸಬೇಕಿದ್ದರೆ ಫೈಲು ಮನೆಯಲ್ಲಿಡಿ. ಅಡುಗೆ ಆಗುವ ಮೊದಲೇ ಅವರು ಏನು ಬಾಯಿಗೆ ಹಾಕಿಕೊಳ್ಳುತ್ತಾರೆ ನೋಡಿ. ನಿಮ್ಮ ಮನೆಯಲ್ಲೂ ಅದೇ ಕಳ್ಳತನ ಇದ್ದರೆ ಅರ್ಧ ಕೆಲಸ ಆದಂತೆ. ಉಳಿದರ್ಧ ಹೆಂಡತಿಗೆ ಬಿಡಿ. ಕೊಡೆ ಮಾತ್ರ ಕಪ್ಪಗಿನದು ಒಯ್ಯಬೇಡಿ, ಬಿಸಿಲಿಗೆ ವಿಪರೀತ ಕಾಯುತ್ತದೆ.