ಎರಡನೇ ವಿರಾಮದಲ್ಲಿ ಹೊದಿಸಿದ ಶಾಲಿನ ಕುರಿತು

ದೋಹಾ ಡೆಸರ್ಟ್ ಪೆಂಗ್ವಿನ್ಸ್ ಐಸ್ ಹಾಕಿ ತಂಡದ ಮಾನ್ಯ ಕಪ್ತಾನರೇ,

ಸದಾ ತಂಪಾಗಿರುವ ತಮ್ಮ ಪಾದಾರವಿಂದಗಳಿಗೆ, ಅಲ್ ಮನ್ಸೂರಾ ಬಡಾವಣೆಯ ಬಿಸಿಲಿನಲ್ಲಿ ಬೇಯುತ್ತಿರುವ ಕರಾವಳಿ ಅಭಿಮಾನಿ ಬಳಗದ ಬೆವರು ಸಹಿತ ನಮಸ್ಕಾರಗಳು.

ಸೀಸನ್ನಿನ ಮೊದಲ ಆರು ಪಂದ್ಯಗಳಲ್ಲಿ ಆರನ್ನೂ ಸೋತು, ಹೊರದೇಶದಿಂದ ಬಂದ ಒಂದು ತಂಡವನ್ನೂ ಬರಿಗೈಯಲ್ಲಿ ಕಳಿಸದ ತಮ್ಮ ಅತಿಥಿ ಸತ್ಕಾರವನ್ನು ನಾವು ಮನಸಾರೆ ಮೆಚ್ಚಿದ್ದೇವೆ. ತಮ್ಮ ಗೋಲ್‌ಕೀಪರರಂತೂ ಬಂದವರ ಮುಖಕ್ಕೆ ಬಾಗಿಲು ಹಾಕುವುದು ಮರ್ಯಾದೆಯಲ್ಲವೆಂದು ನಂಬಿದ ಸದ್ಗೃಹಸ್ಥರು. ವಿರಾಮದಲ್ಲಿ ಬಂದು ಮಂಜುಗಡ್ಡೆಯನ್ನು ಉಜ್ಜಿ ನುಣುಪು ಮಾಡುವ ಗಾಡಿಗೆ ನಾವು ತಮಗಿಂತ ಜೋರಾಗಿ ಚಪ್ಪಾಳೆ ತಟ್ಟುವುದಕ್ಕೆ ದಯವಿಟ್ಟು ಬೇಸರಿಸಬಾರದು. ಅಂಗಣಕ್ಕೆ ಇಳಿದು, ಹಿಡಿದ ಕೆಲಸವನ್ನು ಮುಗಿಸಿಯೇ ಹೋಗುವುದು ಅದೊಂದೇ.

ಈಗ ಅಹವಾಲಿಗೆ ಬರುತ್ತೇನೆ. ನಮ್ಮ ಬಳಗದ ಅಧ್ಯಕ್ಷರಾದ ಪೊಡಿಯಬ್ಬರು, ಅಂದರೆ ನಮ್ಮೆಲ್ಲರ ಪೊಡಿಯಬ್ಬಾಕ, ಹಮದ್ ಬಂದರಿನಲ್ಲಿ ಕಂಟೇನರ್ ವಿಭಾಗದ ಸೂಪರ್‌ವೈಸರ್. ಈ ತಿಂಗಳ ಕೊನೆಗೆ ಕೆಲಸ ಬಿಟ್ಟು ಖಾಯಂ ಆಗಿ ಉಳ್ಳಾಲಕ್ಕೆ ಹೊರಟಿದ್ದಾರೆ. ಊರಿಂದ ಬಂದ ಯಾರನ್ನೂ, ಟ್ರಾನ್ಸಿಟ್‌ನಲ್ಲಿ ಸಿಕ್ಕ ತಾಲೂಕು ಪಂಚಾಯತ್ ಮಾಜಿ ಸದಸ್ಯರನ್ನೂ, ಶಾಲು ಹೊದಿಸದೆ ಬಿಟ್ಟವರಲ್ಲ ಅವರು. ಹೋಗುವ ಮುಂಚೆ ಗೆದ್ದ ತಂಡವೊಂದಕ್ಕೆ ತಮ್ಮ ಕೈಯಿಂದ ಸನ್ಮಾನ ಮಾಡಬೇಕೆಂಬುದು ಅವರ ಕೊನೆಯ ಆಸೆಯಾಗಿ, ಶಾಲು, ಮೈಸೂರು ಪೇಟ, ಹಣ್ಣಿನ ಬುಟ್ಟಿ ಮೊದಲ ಪಂದ್ಯದಿಂದಲೇ ತಯಾರಾಗಿದ್ದವು. ಬುಟ್ಟಿಯ ಸೇಬುಗಳು ಮಾತ್ರ ಪ್ರತಿ ಸೋಲಿಗೊಮ್ಮೆ ಬದಲಾದವು.

ಕಳೆದ ಗುರುವಾರ ಎರಡನೇ ಅವಧಿ ಮುಗಿದು ಹಾರ್ನ್ ಆದಾಗ ತಾವು ಎರಡು–ಒಂದರಿಂದ ಮುಂದಿದ್ದಿರಿ. ಕಬಡ್ಡಿಗೆ ಎರಡು ಅರ್ಧ, ಫುಟ್‌ಬಾಲಿಗೂ ಎರಡು ಅರ್ಧ. ಹಿಂದಿನ ಐದು ಪಂದ್ಯಗಳಲ್ಲೂ ಎರಡನೇ ಹಾರ್ನಿಗೆ ಎದ್ದು ಬಿರಿಯಾನಿಗೆ ಹೋದವರು ನಾವು. ಮರುದಿನದ ಸುದ್ದಿಯಲ್ಲಿ ನಾವು ಕಂಡದ್ದಕ್ಕಿಂತ ಹೆಚ್ಚು ಗೋಲು ಇದ್ದರೆ ಅಚ್ಚಿನ ತಪ್ಪೆಂದು ಕ್ಷಮಿಸಿದವರು. ಹಾಗಾಗಿ ಪೊಡಿಯಬ್ಬಾಕ “ಖಲಾಸ್, ಗೆದ್ದೆವು, ಬುಟ್ಟಿ ತೆಗಿ ಮಾರಾಯ” ಎಂದರು. ಗೇಟಿನ ಸೆಕ್ಯೂರಿಟಿ, ನಮ್ಮ ಪುತ್ತೂರಿನವನೇ, “ಯಲ್ಲಾ ಯಲ್ಲಾ” ಎಂದು ಒಳಗೆ ಬಿಟ್ಟ. ತಮಗೆ ಶಾಲು ಹೊದಿಸಿ, ಹೆಲ್ಮೆಟ್ಟಿನ ಮೇಲೆಯೇ ಪೇಟ ಕೂರಿಸಿದೆವು. ಕ್ಲಿನಿಕ್ಕಿನಲ್ಲಿ ಅಕೌಂಟ್ಸ್ ನೋಡುವ, ನಮ್ಮ ಬಳಗದ ರೋಸಲಿನ್ ಬಾಯಮ್ಮ ಅಭಿನಂದನಾ ಪತ್ರ ಓದಿದರು. ಹಿಂದೆ ಆ ಗಾಡಿ ಮಂಜು ಉಜ್ಜುತ್ತಿತ್ತು. ಮದುವೆ ಮುಗಿದ ಮೇಲೆ ಹಾಲ್ ಗುಡಿಸುತ್ತಾರಲ್ಲ, ಹಾಗೆ ಎಂದುಕೊಂಡೆವು.

ತಾವು ಬಾಳೆಹಣ್ಣು ಸುಲಿದು ತಿನ್ನುತ್ತಾ ಫೋಟೋಕ್ಕೆ ನಿಂತಿರಿ. ಐಸ್ ಹಾಕಿಗೆ ಮೂರು ಅವಧಿ, ಆಟ ಇನ್ನೂ ಬಾಕಿ ಉಂಟೆಂದು ಕೈಸನ್ನೆಯಲ್ಲಾದರೂ ತಿಳಿಸಬಹುದಿತ್ತು. ಬದಲಿಗೆ ಶಾಲು, ಪೇಟ ತೆಗೆದಿಟ್ಟು ಒಳಗೆ ಹೋಗಿ, ಐದು ಗೋಲು ತಿಂದು ಬಂದಿರಿ.

ಅಂದಿನಿಂದ ಅಲ್ ಮನ್ಸೂರಾದ ಚಾದಂಗಡಿಯಲ್ಲಿ ಪೊಡಿಯಬ್ಬಾಕ ಕುಳಿತರೆ, ಮುಂದಿನ ಸೋಲಿಗೆ ಯಾರಿಗೆ ಸನ್ಮಾನ ಎಂದು ಮಲಯಾಳಿಗಳು ವಿನಯದಿಂದ ವಿಚಾರಿಸುತ್ತಾರೆ. ಶಾಲು ವಾಪಸ್ ಕೇಳುವ ಎಂದು ನಾನು ಹೇಳಿದ್ದಕ್ಕೆ ಅವರು “ಹೊದಿಸಿದ ಶಾಲು ಎಳೆದುಕೊಳ್ಳುವ ಕ್ರಮ ನಮ್ಮಲ್ಲಿಲ್ಲ. ಒಂದು ಮ್ಯಾಚ್ ಉಂಟಲ್ಲ, ಗೆದ್ದಾರು” ಎಂದು ಚಾ ಅರ್ಧ ಬಿಟ್ಟು ಎದ್ದರು. ಜೀವಮಾನವಿಡೀ ಗೌರವ ಹಂಚಿದ ಮನುಷ್ಯ, ನಗೆಪಾಟಲಾಗಿ ವಿಮಾನ ಹತ್ತಬೇಕಾಗಿದೆ.

ಆದ್ದರಿಂದ ಬರುವ ಗುರುವಾರ, ಅವರು ಇಲ್ಲಿ ನೋಡುವ ಕೊನೆಯ ಪಂದ್ಯದಲ್ಲಿ, ತಾವು ದಯಮಾಡಿ ಗೆಲ್ಲಬೇಕು. ಅದು ತೀರಾ ಕಷ್ಟವೆನಿಸಿದರೆ ಜಾಗತಿಕ ಹಾಕಿ ಮಂಡಳಿಗೆ ಬರೆದು ಮೂರನೇ ಅವಧಿಯನ್ನೇ ರದ್ದು ಮಾಡಿಸಬೇಕು. ಅದೂ ಆಗದಿದ್ದರೆ ಎದುರಾಳಿಗಳನ್ನು ಎರಡನೇ ಹಾರ್ನಿಗೆ ನಮ್ಮ ಜೊತೆ ಬಿರಿಯಾನಿಗೆ ಕಳಿಸಿಕೊಡಬೇಕು, ಖರ್ಚು ಬಳಗದ್ದು.

ಈಗಲೂ ಸ್ವೆಟರ್ ಹೊತ್ತು ಬರುವ ತಮ್ಮ ವಿಶ್ವಾಸಿ,
ಅನ್ಸಾಫ್
ಜೊತೆ ಕಾರ್ಯದರ್ಶಿ, ಕರಾವಳಿ ಅಭಿಮಾನಿ ಬಳಗ

ಮರೆತ ಮಾತು: ಪೊಡಿಯಬ್ಬಾಕ ನಿನ್ನೆ ಹೊಸ ಶಾಲು ಕೊಂಡಿದ್ದಾರೆ, ಈ ಸಲ ಮೂರನೇ ಹಾರ್ನ್ ಆಗುವವರೆಗೂ ಬಿಚ್ಚುವುದಿಲ್ಲವಂತೆ. ತಾವು ಸೋತರೂ ಅದು ವ್ಯರ್ಥವಾಗದು. ಮಂಜು ಉಜ್ಜುವ ಆ ಗಾಡಿಯ ಮುಂಭಾಗದ ಅಳತೆಯನ್ನು ನಾನು ಈಗಾಗಲೇ ತೆಗೆದುಕೊಂಡಿದ್ದೇನೆ. ಅಭಿನಂದನಾ ಪತ್ರ ತಮ್ಮದೇ ಸಾಕು, ಹೆಸರೊಂದು ಬದಲಾಯಿಸಿದರೆ ಪ್ರತಿಯೊಂದು ಮಾತೂ ನಿಜವಾಗುತ್ತದೆ.